ಎಲ್ಲರಿಗೂ ಸ್ವಾಗತ, ಬೋರ್ಡ್ ಮಾತ್ರ ಹಾಕಬೇಡಿ

ಮೊದಲು ಒಂದು ಬೋರ್ಡಿನ ಕಥೆ ಹೇಳಿಬಿಡ್ತೀನಿ. ಅಮೆರಿಕದ ಐಡಹೊ ರಾಜ್ಯದಲ್ಲಿ, ಮೆರಿಡಿಯನ್ ಅನ್ನೋ ಊರಲ್ಲಿ, ಆರನೇ ಕ್ಲಾಸಿನ ಟೀಚರ್ ಒಬ್ಬರು ಗೋಡೆಗೆ ಒಂದು ಬೋರ್ಡ್ ಹಾಕಿದ್ದರು, ‘ಇಲ್ಲಿ ಎಲ್ಲರಿಗೂ ಸ್ವಾಗತ’ ಅಂತ. ಕೆಳಗೆ ಬೇರೆ ಬೇರೆ ಮೈಬಣ್ಣದ ಪುಟ್ಟ ಕೈಗಳು. 2025ರಲ್ಲಿ ಶಾಲೆಯವರು ಅದನ್ನು ತೆಗೆಯಿರಿ ಅಂದರು.

ಮೆರಿಡಿಯನ್‌ಗೆ ಅಂಟಿಕೊಂಡೇ ಇರುವ ಊರು ರಾಜ್ಯದ ರಾಜಧಾನಿ ಬಾಯ್ಸಿ. ನನ್ನ ಅಕ್ಕನ ಮಗ ಅಲ್ಲೇ ಮೈಕ್ರಾನ್ ಅನ್ನೋ ಚಿಪ್ ಕಂಪನಿಯಲ್ಲಿ ಇಂಜಿನಿಯರ್. "ಮಾವ, ಒಂದೇ ದಿನದಲ್ಲಿ ಊರೆಲ್ಲ ತೋರಿಸ್ತೀನಿ ಬನ್ನಿ" ಅಂದ. ನಮಗೆ ಸ್ವಾಗತ ಇದೆಯೋ ಇಲ್ಲವೋ ನೋಡಿಯೇ ಬಿಡೋಣ ಅಂತ ಹೊರಟೆ.

ಮೊದಲ ಪಾಠ ಕಾರಿನಲ್ಲೇ ಆಯಿತು. ನಾನು ಬಾಯ್ಝಿ ಅಂದೆ. "ಝ ಅನ್ಬೇಡಿ ಮಾವ, ಹೊರಗಿನವರು ಅಂತ ತಕ್ಷಣ ಗೊತ್ತಾಗುತ್ತೆ. ಬಾಯ್‌-ಸಿ." ನೆನಪಿಟ್ಟುಕೊಳ್ಳೋದು ಸುಲಭ, ಬಾಯಿ ಸಿಹಿ ಅಂತ ಶುರು ಮಾಡಿ ‘ಹಿ’ ನುಂಗಿಬಿಟ್ಟರೆ ಆಯಿತು.

ಮಾತಿಗೆ ತಕ್ಕ ಹಾಗೆ ಊರಿನವರ ಬಾಯಿ ನಿಜಕ್ಕೂ ಸಿಹಿ. ಹೊಳೆ ದಂಡೆಯ ಉದ್ದಕ್ಕೂ 40 ಕಿಲೋಮೀಟರ್ ಗ್ರೀನ್‌ಬೆಲ್ಟ್ ಅಂತ ದಾರಿ ಮಾಡಿದ್ದಾರೆ. ಅಲ್ಲಿ ಎದುರಾದವರೆಲ್ಲ ಗುಡ್ ಮಾರ್ನಿಂಗ್ ಅನ್ನುತ್ತಾರೆ. ಗುರುತು ಪರಿಚಯ ಇಲ್ಲದವರು! ನಮ್ಮ ಕಡೆ ಗೊತ್ತಿಲ್ಲದವನು ನಕ್ಕರೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇವೆ. ಇಲ್ಲಿ ಬಸ್ಸಿನಿಂದ ಇಳಿಯುವವರು ಡ್ರೈವರ್‌ಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಾನು ರಸ್ತೆ ದಾಟಲೋ ಬೇಡವೋ ಅಂತ ಸುಮ್ನೆ ನಿಂತಿದ್ದೆ. ಎರಡೂ ಕಡೆ ಕಾರುಗಳು ನಿಂತುಬಿಟ್ಟವು. ಮರ್ಯಾದೆಗೆ ದಾಟಿದೆ. ಆಮೇಲೆ ವಾಪಸ್ ಬರಬೇಕಾಗಿತ್ತು, ಮತ್ತೆ ನಿಂತವು.

ಬೇಸಿಗೆಯಲ್ಲಿ ಜನ ಬಾರ್ಬರ್ ಪಾರ್ಕಿನಲ್ಲಿ ಟ್ಯೂಬ್ ಹತ್ತಿ ಹೊಳೆಗೆ ಇಳಿದರೆ ಸುಮಾರು 10 ಕಿಲೋಮೀಟರ್ ತೇಲಿಕೊಂಡು ಊರೊಳಗಿನ ಪಾರ್ಕಿಗೆ ಬರುತ್ತಾರೆ. ನಾನು ದಡದಲ್ಲೇ ಉಳಿದೆ. ತೇಲುತ್ತಿದ್ದವರು ಅಲ್ಲಿಂದಲೇ ಕೈ ಬೀಸಿದರು.

ಈಗ ಆಲೂಗಡ್ಡೆ ವಿಷಯ. ಇದನ್ನು ಬಿಟ್ಟು ಮುಂದೆ ಹೋಗೋಕೆ ಆಗಲ್ಲ, ಯಾಕೆಂದರೆ ಮುಂದೆ ಹೋಗುವ ಪ್ರತಿ ಕಾರಿನ ಹಿಂದೆಯೂ ಅದೇ ಇರುತ್ತದೆ. ಐಡಹೊದ ನಂಬರ್ ಪ್ಲೇಟಿನ ಮೇಲೆ ‘ಪ್ರಸಿದ್ಧ ಆಲೂಗಡ್ಡೆಗಳು’ ಅಂತ ಅಚ್ಚು ಹಾಕಿದ್ದಾರೆ. 1928ರಲ್ಲೇ ಪ್ಲೇಟಿನ ಮೇಲೆ ಆಲೂಗಡ್ಡೆಯ ಚಿತ್ರ ಬಂದಿತ್ತಂತೆ. ಹೊಸ ವರ್ಷದ ರಾತ್ರಿ ನ್ಯೂಯಾರ್ಕಿನವರು ಚೆಂಡು ಇಳಿಸಿದರೆ, ಇವರು 2013ರಿಂದ ದೊಡ್ಡ ಆಲೂಗಡ್ಡೆ ಇಳಿಸುತ್ತಾರೆ. ಊರ ಹೊರಗೆ ಆರು ಟನ್ ತೂಕದ ಆಲೂಗಡ್ಡೆಯೊಳಗೆ ಮಂಚ ಹಾಕಿ ಬಾಡಿಗೆಗೆ ಕೊಡುತ್ತಾರೆ. ನಿಜವಾದ ಗಡ್ಡೆಯಲ್ಲ ಬಿಡಿ, ಲಾರಿ ಮೇಲೆ ಮೆರವಣಿಗೆ ಹೋಗಿ ರಿಟೈರ್ ಆದದ್ದು. ಊರಲ್ಲಿ ಐಸ್‌ಕ್ರೀಮನ್ನು ಆಲೂಗಡ್ಡೆ ಆಕಾರಕ್ಕೆ ತಂದು, ಮೇಲೆ ಕೋಕೋ ಪುಡಿ ಹಚ್ಚಿ, ಕೆನೆ ಹಾಕಿ ಕೊಡುತ್ತಾರೆ. ಸಿಪ್ಪೆ ಸುಲಿಯೋಕೆ ಹೋದೆ, ಅಕ್ಕನ ಮಗ ಕೈ ಹಿಡಿದ.

ನಮ್ಮ ಹಾಸನ ನೆನಪಾಯಿತು. ಅಲ್ಲೂ ಆಲೂಗಡ್ಡೆಯೇ. ಆದರೆ ಅಂಗಮಾರಿ ರೋಗ ಬಂದ ವರ್ಷ ಮಾತ್ರ ಅದು ಪೇಪರಿಗೆ ಬರುತ್ತದೆ. ನಂಬರ್ ಪ್ಲೇಟಿನ ಭಾಗ್ಯ ಎಲ್ಲಿಂದ ಬರಬೇಕು?

ಬಾಸ್ಕ್ ಬ್ಲಾಕಿಗೂ ಹೋದೆವು. ಸ್ಪೇನಿನ ಬೆಟ್ಟಗಳ ಕಡೆಯಿಂದ ಕುರಿ ಕಾಯೋಕೆ ಅಂತ ಬಂದವರ ಬೀದಿ ಇದು. ಅವರ ಭಾಷೆಗೆ ಜಗತ್ತಿನಲ್ಲಿ ನೆಂಟರೇ ಇಲ್ಲ, ಯಾವ ಭಾಷೆಗೂ ಸಂಬಂಧವಿಲ್ಲ. ಅದನ್ನು ಮಕ್ಕಳಿಗೆ ಕಲಿಸೋಕೆ ಇಲ್ಲಿ ಒಂದು ಶಿಶುಶಾಲೆಯೇ ಇದೆ. ಹಿಂದೆ ಕುರಿ ಕಾಯುವವರು ಇಳಿದುಕೊಳ್ಳುತ್ತಿದ್ದ ಊಟ-ವಸತಿಯ ಮನೆಗಳಿದ್ದವು. ಯಾವ ಬೋರ್ಡ್ ನೋಡಿ ಒಳಗೆ ಹೋಗಿರುತ್ತಾರೋ ಪಾಪ.

ಮಧ್ಯಾಹ್ನ ಕ್ಯಾಪಿಟಲ್, ಅಂದರೆ ಅವರ ವಿಧಾನಸೌಧ. ಕೈದಿಗಳು ಗುಡ್ಡದಿಂದ ಕಡಿದು ತಂದ ಮರಳುಗಲ್ಲಿನ ಕಟ್ಟಡ. ಅವರಿದ್ದ ಜೈಲು 1973ರಲ್ಲಿ ಮುಚ್ಚಿತು, ಈಗ ನಾವು ಟಿಕೆಟ್ ಕೊಟ್ಟು ಒಳಗೆ ಹೋಗುತ್ತೇವೆ. ಚಳಿಗಾಲದಲ್ಲಿ ಕ್ಯಾಪಿಟಲ್ ಬೆಚ್ಚಗಿರೋದು ನೆಲದಡಿಯ ಬಿಸಿನೀರಿನಿಂದ. ಅಮೆರಿಕದಲ್ಲಿ ಬೇರೆ ಯಾವ ರಾಜ್ಯದ ಕ್ಯಾಪಿಟಲ್‌ಗೂ ಈ ಭಾಗ್ಯ ಇಲ್ಲವಂತೆ. ಕಟ್ಟಡಕ್ಕೆ ಬಿಸಿ ಭೂಮಿತಾಯಿ ಕೊಡುತ್ತಾಳೆ, ಒಳಗೆ ಕೂತವರ ತಲೆ ಬಿಸಿ ಮಾಡಿದವರು ಯಾರೋ ಕಾಣೆ. 2025ರಲ್ಲಿ ಶಾಲೆಗಳಲ್ಲಿ ರಾಜಕೀಯ, ಧರ್ಮ, ಸಿದ್ಧಾಂತದ ಪರ ನಿಲ್ಲುವ ಬಾವುಟ, ಬ್ಯಾನರ್ ಇರಬಾರದು ಅಂತ ಕಾನೂನು ಮಾಡಿದ್ದು ಇಲ್ಲೇ. ಸ್ವಾಗತದ ಬೋರ್ಡು ಆ ಕಾನೂನಿಗೆ ಸಿಕ್ಕಿಬೀಳುತ್ತದೆ ಅಂತ ರಾಜ್ಯದ ಅಟಾರ್ನಿ ಜನರಲ್ ಕಚೇರಿಯೇ ಹೇಳಿತು.

ಎಷ್ಟು ಸೂಕ್ಷ್ಮ ಬುದ್ಧಿ ನೋಡಿ! ‘ಎಲ್ಲರಿಗೂ’ ಅಂದರೆ ಒಂದು ಪಕ್ಷ ವಹಿಸಿದ ಹಾಗೆ. ಹಾಗಾದರೆ ಪಕ್ಷಪಾತವಿಲ್ಲದ ಬೋರ್ಡ್ ಹೇಗಿರಬೇಕು? ‘ಕೆಲವರಿಗೆ ಸ್ವಾಗತ, ಕೆಲವರಿಗೆ ಇಲ್ಲ, ಯಾರಿಗೆ ಅಂತ ಆಫೀಸಿನಲ್ಲಿ ವಿಚಾರಿಸಿ.’ ಬೇಕಾದರೆ ನಾನೇ ಬರೆದುಕೊಡುತ್ತೇನೆ, ಕಾಸು ಬೇಡ.

ಅಲ್ಲಿಂದ ಸ್ವಲ್ಪ ದೂರ, ಹೊಳೆ ಪಕ್ಕದಲ್ಲಿ ಆನ್ ಫ್ರಾಂಕ್ ಸ್ಮಾರಕ. ಹಿಟ್ಲರನ ನಾಜಿಗಳಿಂದ ಅಡಗಿ ಕೂತು ಡೈರಿ ಬರೆದ ಯಹೂದಿ ಹುಡುಗಿ ಇವಳು. ಸ್ಮಾರಕ 2002ರಲ್ಲಿ ಆದದ್ದು. ಡೈರಿ ಹಿಡಿದ ಹುಡುಗಿ ಕಿಟಕಿಯಿಂದ ಹೊರಗೆ ನೋಡುತ್ತಿದ್ದಾಳೆ, ಕಂಚಿನ ಪ್ರತಿಮೆ. ಪಕ್ಕದ ಕಲ್ಲಿನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ಇದೆ, 30 ಕಲಮುಗಳೂ ಪೂರ್ತಿ. ಮೊದಲನೆಯದೇ ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು ಅನ್ನುತ್ತದೆ. ತಮಾಷೆ ಮಾಡೋಣ ಅಂತ ಪೆನ್ನು ತೆಗೆದಿದ್ದೆ, ಆಗಲಿಲ್ಲ. 2020ರಲ್ಲಿ ಈ ಹುಡುಗಿಗೇ ನಾಜಿಗಳ ಸ್ವಸ್ತಿಕದ ಸ್ಟಿಕರ್ ಅಂಟಿಸಿ ಹೋಗಿದ್ದರು. ಹನ್ನೊಂದು ವರ್ಷದ ಮಕ್ಕಳಿಗೆ ‘ಬನ್ನಿ’ ಅನ್ನೋಕೆ ಯಾರ ಗಂಟು ಹೋಗುತ್ತದೆ? ಅದಕ್ಕೂ ವಕೀಲರು ಕೂತು ಅರ್ಥ ಬಿಡಿಸಬೇಕಾ? ಆ ಕೈಗಳು ಕ್ಲಾಸಿನಲ್ಲಿ ಕೂತ ಮಕ್ಕಳ ಕೈಗಳೇ. ಬೋರ್ಡ್ ತೆಗೆದರೆ ಮಕ್ಕಳ ಬಣ್ಣವೂ ಹೋಗುತ್ತದೆಯೇ? ಸಾಕಾಗಿದೆ ಕಣ್ರೀ.

ಟೀಚರ್ ಆ ಶಾಲೆ ಬಿಟ್ಟು ಬಾಯ್ಸಿಯ ಶಾಲೆಗೆ ಸೇರಿಕೊಂಡರು.

ವಾಪಸ್ ಬರುವಾಗ ಅಕ್ಕನ ಮಗ ನೀಲಿ ಫುಟ್‌ಬಾಲ್ ಮೈದಾನ ತೋರಿಸಿದ. 1986ರಿಂದಲೂ ಅಲ್ಲಿ ಹುಲ್ಲು ಹಾಸು ಅಪ್ಪಟ ನೀಲಿ. "ಹುಲ್ಲು ಹಸಿರಿರಬೇಕು ಅಂತ ಯಾರೂ ಕೇಸ್ ಹಾಕಲಿಲ್ವಾ?" ಅಂದೆ. "ಮಾವ, ಇಲ್ಲಿ ಫುಟ್‌ಬಾಲ್ ಬಗ್ಗೆ ಮಾತ್ರ ಜೋಕ್ ಮಾಡಬೇಡಿ" ಅಂದ.

ಮನೆ ಬಾಗಿಲಲ್ಲಿ ಕಾಲೊರೆಸುವ ಮ್ಯಾಟ್, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ವೆಲ್‌ಕಮ್’. ಬೀದಿಯ ಪ್ರತಿ ಮನೆ ಮುಂದೆಯೂ ಅದೇ. ಒಳಗಿನಿಂದ ಅವನ ಹೆಂಡತಿ, "ಬನ್ನಿ ಮಾವ, ಕೈಕಾಲು ತೊಳ್ಕೊಳ್ಳಿ, ಚಪಾತಿ ಬಿಸಿ ಇದೆ" ಅಂದಳು. ನಂಚಿಕೊಳ್ಳೋಕೆ ಏನು ಅಂತ ಕೇಳಬಾರದಿತ್ತು.

"ಆಲೂಗಡ್ಡೆ ಪಲ್ಯ."