ಅಯೋರ್ಟಾ ಹರಿದಾಗ ಸ್ಕ್ಯಾನನ್ನು ಮೊದಲು ಎಐ ನೋಡಲಿ, ಏನಂತೀರಿ?

ಪರ

ನಮ್ಮ ದೊಡ್ಡಪ್ಪನಿಗೆ ರಾತ್ರಿ ಹನ್ನೊಂದಕ್ಕೆ ಬೆನ್ನು ಸೀಳಿದಂಥ ನೋವು ಬಂತು. ಕಿಡ್ನಿ ಸ್ಟೋನ್ ಇರಬೇಕು ಎಂದು ಡೈ (ರಕ್ತನಾಳ ಎದ್ದು ಕಾಣಲೆಂದು ಕೊಡುವ ಔಷಧ) ಹಾಕದೆ ಸಿಟಿ ಸ್ಕ್ಯಾನ್ ಮಾಡಿದರು. ಕಲ್ಲು ಕಾಣಲಿಲ್ಲ. ಸ್ಕ್ಯಾನ್ ನೋಡಿ ಹೇಳುವ ಡಾಕ್ಟರು, ರೇಡಿಯಾಲಜಿಸ್ಟ್, ಬರೋದು ಬೆಳಿಗ್ಗೆ. ಅಲ್ಲಿವರೆಗೆ ಸ್ಕ್ಯಾನ್ ಸರದಿಯಲ್ಲಿ ಕೂತಿತ್ತು. ದೊಡ್ಡಪ್ಪ ಐದು ಗಂಟೆಗೆ ಹೋಗಿಬಿಟ್ಟರು.

ಆಮೇಲೆ ಪರಿಚಯದ ಡಾಕ್ಟರೊಬ್ಬರು ಅದೇ ಚಿತ್ರವನ್ನು ನನಗೆ ತೋರಿಸಿದರು. ಅಯೋರ್ಟಾ, ಅಂದರೆ ಹೃದಯದಿಂದ ರಕ್ತ ಒಯ್ಯುವ ಮಹಾಪಧಮನಿ, ಹೊಟ್ಟೆಯವರೆಗೂ ಹರಿದಿತ್ತು. ಗೋಡೆಗೆ ಅಂಟಿಕೊಂಡಿರಬೇಕಾದ ಕ್ಯಾಲ್ಸಿಯಂನ ಬಿಳಿ ಚುಕ್ಕೆ ಒಳಕ್ಕೆ ಸರಿದು ನಿಂತಿತ್ತು. ಅಕ್ಕಿಕಾಳಿಗಿಂತ ಚಿಕ್ಕದು. ಒಳಪದರ ಕಿತ್ತು, ಪದರಗಳ ನಡುವೆ ರಕ್ತ ನುಗ್ಗಿದ್ದಕ್ಕೆ ಅದೇ ಗುರುತಂತೆ.

ಹೃದಯದಿಂದ ಹೊರಡುವ ಭಾಗದಲ್ಲೇ ಹರಿದರೆ, ಆಪರೇಷನ್ ಆಗದಿದ್ದಾಗ ಮೊದಲ 48 ಗಂಟೆ, ಗಂಟೆಗೆ ನೂರಕ್ಕೆ ಒಬ್ಬಿಬ್ಬರು ಸಾಯುತ್ತಾರೆ ಅನ್ನೋದು ಡಾಕ್ಟರುಗಳ ಹಳೆಯ ಲೆಕ್ಕ. ಗಂಟೆಗೆ! ಎಐ ಪವಾಡವೇನೂ ಮಾಡಲ್ಲ. ಅನುಮಾನ ಬಂದ ಸ್ಕ್ಯಾನನ್ನು ಸರದಿಯ ಮುಂದಕ್ಕೆ ತಂದು ಡಾಕ್ಟರ ಫೋನಿಗೆ ಸುದ್ದಿ ಕಳಿಸುತ್ತದೆ. ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇಂಥವಕ್ಕೆ ಒಪ್ಪಿಗೆ ಕೊಟ್ಟಿರೋದೂ ಈ ಕೆಲಸಕ್ಕೇ. ಡೈ ಇಲ್ಲದ ಸ್ಕ್ಯಾನಿನಲ್ಲೂ ಇದನ್ನು ಹುಡುಕುವ ಎಐ ಚೀನಾದಲ್ಲಿ ತಯಾರಾಗಿದೆ. "ಯಂತ್ರ ತಪ್ಪು ಮಾಡಿದರೆ?" ಅಂತ ಕೇಳ್ತಾರೆ. ಅವತ್ತು ರಾತ್ರಿ ತಪ್ಪು ಮಾಡೋದಕ್ಕೂ ಅಲ್ಲಿ ಯಾರೂ ಇರಲಿಲ್ಲ.

ವಿರೋಧ

ಈ ಕಡೆ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಎಐ ಬೇಡವೇ ಬೇಡ ಅನ್ನೋ ಹಠ ನನಗಿಲ್ಲ. ಆದರೆ ಡಾಕ್ಟರನ್ನು ಮನೆಗೆ ಕಳಿಸಿ ಕಂಪ್ಯೂಟರ್ ಕೂರಿಸಿ ಅನ್ನುವವರ ಉತ್ಸಾಹ ಸ್ವಲ್ಪ ಜಾಸ್ತಿಯಾಯಿತು.

ಈ ಕಾಯಿಲೆ ಅಪರೂಪದ್ದು. ಸಾವಿರ ಸ್ಕ್ಯಾನಿನಲ್ಲಿ ಐದು ಜನಕ್ಕೆ ಇದೆ, ಉಳಿದವರಲ್ಲಿ ನೂರಕ್ಕೆ ಐದರಂತೆ ಯಂತ್ರ ಸುಮ್ನೆ ಕೂಗುತ್ತದೆ ಅಂತಿಟ್ಟುಕೊಳ್ಳಿ. ಐದು ನಿಜಕ್ಕೆ ಸುಮಾರು ಐವತ್ತು ಸುಳ್ಳು. ಹೃದಯದ ಬಡಿತಕ್ಕೆ ಅಯೋರ್ಟಾದ ಬುಡ ಅಲುಗಿ, ಪದರ ಹರಿದ ಹಾಗೇ ಚಿತ್ರದಲ್ಲಿ ಗೆರೆ ಮೂಡುವುದುಂಟು. ದಿನಾ ಹುಲಿ ಬಂತು ಹುಲಿ ಅಂದರೆ ನೈಟ್ ಡ್ಯೂಟಿಯವರು ಫೋನ್ ಸೈಲೆಂಟಿಗೆ ಹಾಕ್ತಾರೆ, ಅಲ್ವಾ?

ಇನ್ನು, ಸ್ಕ್ಯಾನ್ ಮಾಡಿಸಿದರೆ ತಾನೇ ಯಂತ್ರ ನೋಡೋದು? ಅಮೆರಿಕದ ನಟ ಜಾನ್ ರಿಟ್ಟರ್ 2003ರಲ್ಲಿ ತೀರಿಕೊಂಡಾಗ ಮೊದಲು ಕೊಟ್ಟಿದ್ದು ಹಾರ್ಟ್ ಅಟ್ಯಾಕ್‌ನ ಚಿಕಿತ್ಸೆ. ಹರಿದಿದ್ದು ಅಯೋರ್ಟಾ. ಎರಡೂ ಕೈಯ ಬಿಪಿ ನೋಡಿ, ತುಂಬಾ ವ್ಯತ್ಯಾಸ ಇದ್ದರೆ ಅನುಮಾನ ಪಡಬೇಕು ಅಂತ ಪಾಠದಲ್ಲೇ ಇದೆ. ಅದಕ್ಕೆ ಎಐ ಬೇಕಾ? ನನಗಂತೂ ಇವತ್ತಿನವರೆಗೆ ಯಾರೂ ಎಡಗೈಗೆ ಪಟ್ಟಿ ಕಟ್ಟಿಲ್ಲ.