ಜೇಬಲ್ಲಿ ಜೇಷ್ಠಮಧು, ಬಾಯಲ್ಲಿ ನೋವಿನ ಮಾತ್ರೆ

ಹೊರನಾಡಿಗೆ ಬಂದು ಇಷ್ಟು ವರ್ಷ ಆದರೂ ಹೊಟ್ಟೆಯ ವಿಷಯಕ್ಕೆ ನನಗೆ ಅಮ್ಮನೇ ಮೊದಲ ಡಾಕ್ಟರು. ಉರಿಯುತ್ತಿದೆ ಅಂತ ಫೋನಲ್ಲಿ ಹೇಳಿದ್ದೇ ತಡ, "ಜೇಷ್ಠಮಧು ಅಗಿ, ಸರಿಹೋಗುತ್ತೆ" ಅಂದಳು. ಅಗಿದೆ. ಎರಡು ವಾರವಾದರೂ ಹೋಗಲಿಲ್ಲ. ಇಲ್ಲಿನ ಡಾಕ್ಟರ ಹತ್ತಿರ ಹೋದರೆ ಏನೋ ಕುಡಿಸಿ, ಅರ್ಧ ಗಂಟೆ ಕೂರಿಸಿ, ಒಂದು ಚೀಲ ಕೊಟ್ಟು ಊದಿ ಅಂದರು. ಹೊಟ್ಟೆ ಉರಿಗೂ ಬಲೂನು ಊದೋದಕ್ಕೂ ಏನು ಸಂಬಂಧ ಅಂತ ನಗು ಬಂತು.

ಸಂಬಂಧ ಇದೆ. ಕುಡಿಸಿದ್ದರಲ್ಲಿ ಯೂರಿಯಾ ಇರುತ್ತೆ. ಹೊಟ್ಟೆಯಲ್ಲಿ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಇದ್ದರೆ ಅದು ಆ ಯೂರಿಯಾವನ್ನು ಒಡೆಯುತ್ತೆ, ಅದರ ಗುರುತು ಉಸಿರಲ್ಲಿ ಸಿಗುತ್ತೆ. ಟೆನ್ಷನ್ನು, ಆಸಿಡ್ಡು ಇವುಗಳಿಂದಲೇ ಹೊಟ್ಟೆಯಲ್ಲಿ ಹುಣ್ಣು ಅಂತ ಡಾಕ್ಟರುಗಳೇ ನಂಬಿದ್ದ ಕಾಲದಲ್ಲಿ, ಆಸ್ಟ್ರೇಲಿಯಾದ ಡಾಕ್ಟರು ಬ್ಯಾರಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಕಾಯಿಲೆ ಬಿದ್ದು ತೋರಿಸಿದರು. 2005ರಲ್ಲಿ ಅವರಿಗೂ ಜೊತೆಗಾರ ರಾಬಿನ್ ವಾರೆನ್‌ಗೂ ನೊಬೆಲ್ ಬಂತು.

ನನ್ನ ಉಸಿರಲ್ಲಿ ಏನೂ ಸಿಗಲಿಲ್ಲ. ಎಂಡೋಸ್ಕೋಪಿಯಲ್ಲಿ ಮಾತ್ರ ಸಣ್ಣ ಹುಣ್ಣು ಕಂಡಿತು. "ನೋವಿನ ಮಾತ್ರೆ ತಗೋತೀರಾ?" ಅಂತ ಕೇಳಿದರು. ತಗೋತಿದ್ದೆ. ಮಂಡಿನೋವಿಗೆ ಐಬುಪ್ರೊಫೆನ್, ತಿಂಗಳುಗಟ್ಟಲೆ. ಹೊಟ್ಟೆಯ ಒಳಗೋಡೆಯನ್ನು ಆಸಿಡ್‌ನಿಂದ ಕಾಯೋ ಲೋಳೆಯನ್ನೇ ಅದು ತೆಳ್ಳಗೆ ಮಾಡುತ್ತಂತೆ. ಬೆಳಿಗ್ಗೆ ಬೇರು ಅಗಿಯೋದು, ರಾತ್ರಿ ಅದೇ ಮಾತ್ರೆ ನುಂಗೋದು. ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗಾಯ್ತು, ಅಲ್ವಾ?

ಹಾಗಂತ ಅಮ್ಮನ ಬೇರು ಸುಮ್ನೆ ಅಲ್ಲ. ಅದರಿಂದಲೇ ಹುಟ್ಟಿದ ಕಾರ್ಬೆನೊಕ್ಸೊಲೋನ್ ಅನ್ನೋ ಔಷಧಿಯನ್ನು 1960ರ ದಶಕದಲ್ಲಿ ಬ್ರಿಟನ್ನಿನ ಡಾಕ್ಟರುಗಳು ಹುಣ್ಣಿಗೆ ಬರೆದುಕೊಡುತ್ತಿದ್ದರು. ಹುಣ್ಣು ಮಾಯುತ್ತಿತ್ತು, ಜೊತೆಗೆ ಮೈಯಲ್ಲಿ ನೀರು ನಿಲ್ಲುತ್ತಿತ್ತು, ಬಿಪಿ ಏರುತ್ತಿತ್ತು, ಪೊಟ್ಯಾಸಿಯಂ ಇಳಿಯುತ್ತಿತ್ತು. ಬೇರನ್ನೇ ಜಾಸ್ತಿ ದಿನ ಅಗಿದರೂ ಅದೇ ಕಾಟ. ಹುಣ್ಣಿಗೆ ಒಳ್ಳೇದು ಅನ್ನೋ ಎಲೆಕೋಸಿನ ರಸದ್ದು ಬೇರೆ ಕಥೆ. ಆ ರಸ ಕುಡಿಸಿ ನೋಡಿದ, ಇವತ್ತಿಗೂ ಎಲ್ಲರೂ ಹೊಗಳುವ 1949ರ ಪ್ರಯೋಗದಲ್ಲಿ ಇದ್ದವರು ಬರೀ 13 ಜನ.

ಮನೆಮದ್ದು, ಡಾಕ್ಟರು ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಚೀಲ ಊದೋ ಕಡೆಯವನೇ. ಎಚ್. ಪೈಲೋರಿ ಇದ್ದರೆ ಆಂಟಿಬಯೋಟಿಕ್ ಬೇಕೇ ಬೇಕು. ಮಲ ಡಾಂಬರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಸೀದಾ ಆಸ್ಪತ್ರೆಗೇ ಓಡಬೇಕು. ಆದರೆ ಬೇಜಾರು ಎರಡೂ ಕಡೆಯವರ ಮೇಲೆ ಇದೆ. ಯಾಕೆ ಬಂತು ಅಂತ ಅಮ್ಮ ಕೇಳಲಿಲ್ಲ. ಬೇರು, ಕಷಾಯ ಏನಾದರೂ ತಗೋತೀರಾ ಅಂತ ಡಾಕ್ಟರು ಕೇಳಲಿಲ್ಲ, ನಾನು ಬಿಪಿ ಮಾತ್ರೆ ತಗೊಳ್ಳೋದು ಅವರಿಗೆ ಗೊತ್ತಿತ್ತು. ಸರಿ, ನಾನಾದರೂ ಬಾಯಿ ಬಿಟ್ಟೆನಾ? ಪೊಟ್ಟಣ ಜೇಬಲ್ಲೇ ಇತ್ತು. ತೆಗೆಯೋಕೆ ನಾಚಿಕೆ.

ಮುಂದಿನ ಸಲ ತೆಗೆದು ಮೇಜಿನ ಮೇಲಿಟ್ಟೆ. ಡಾಕ್ಟರು ಒಂದು ತುಂಡು ಎತ್ತಿ ಮೂಸಿದರು. ಮಾತಾಡದೆ ಬಿಪಿ ಪಟ್ಟಿ ತಗೊಂಡು ನನ್ನ ತೋಳಿಗೆ ಸುತ್ತಿದರು.