ಕೂಗಿದ್ದು ಕೇಳಿಸಿತು, ಕೇಳಿದ್ದೇನು?

ಬೆಳಗ್ಗಿನಿಂದ ವಾಟ್ಸಪ್ಪಿನ ನಾಲ್ಕು ಗುಂಪುಗಳಲ್ಲಿ ಒಂದೇ ವೀಡಿಯೋ ತಿರುಗುತ್ತಿದೆ. ಕೇರಳ ವಿಧಾನಸಭೆಯ ಸದನದಲ್ಲಿ ಶಾಸಕರೊಬ್ಬರು ಮೇಜು ಕುಟ್ಟಿ ಗುಡುಗುವ 35 ಸೆಕೆಂಡು. ಅಡಿಯಲ್ಲಿ ನಮ್ಮವರದೇ ಜೈಕಾರ. ಅಷ್ಟು ಗುಡುಗಿ ಅವರು ಸಚಿವರಿಂದ ಯಾವ ಅಂಕಿ ಹೊರಡಿಸಿದರು, ಯಾವ ದಿನಾಂಕ ಹೊರಡಿಸಿದರು ಎಂದು ಒಬ್ಬರಾದರೂ ಕೇಳಬೇಡವೇ? ನನಗೆ ಸಿಟ್ಟು ಬಂದಿರುವುದು ಆ ಶಾಸಕರ ಮೇಲಲ್ಲ, ನಮ್ಮ ಮೇಲೆ.

ಸದನದಲ್ಲಿ ವಿಷಯಜ್ಞಾನ ಗೊತ್ತಾಗುವುದು ಭಾಷಣದಲ್ಲಲ್ಲ, ಪೂರಕ ಪ್ರಶ್ನೆಯಲ್ಲಿ. ಸದನದಲ್ಲೇ ಬಾಯಿಮಾತಿನ ಉತ್ತರ ಬೇಡುವ ಚುಕ್ಕೆ ಗುರುತಿನ ಪ್ರಶ್ನೆಗೆ ಇಲಾಖೆ ಬರೆದುಕೊಟ್ಟ ಉತ್ತರವನ್ನು ಸಚಿವರು ಕೊಡುತ್ತಾರೆ. ಆ ಉತ್ತರದೊಳಗಿನಿಂದಲೇ ಹುಟ್ಟುವ ಮುಂದಿನ ಪ್ರಶ್ನೆಯನ್ನು ನಿಂತ ನಿಲುವಿನಲ್ಲಿ ಕೇಳಬೇಕು. ಉತ್ತರಕ್ಕೆ ಸಂಬಂಧವಿಲ್ಲದ್ದನ್ನು ಎತ್ತಿದರೆ ಸ್ಪೀಕರ್ ತಡೆಯುತ್ತಾರೆ, ಭಾಷಣ ಶುರು ಮಾಡಿದರೂ ತಡೆಯುತ್ತಾರೆ. ಕಡತ ಓದದೆ ಬಂದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ನಮ್ಮ ಊರು, ಕೇರಳದ ಕಾಸರಗೋಡಿನ ವಿಷಯವನ್ನೇ ನೋಡಿ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದದ್ದು, ಮಕ್ಕಳೂ ಹೆತ್ತವರೂ ಪ್ರತಿಭಟನೆಗೆ ಕೂತದ್ದು ಎಲ್ಲರಿಗೂ ಗೊತ್ತು. "ಕಾಸರಗೋಡಿನ ಕನ್ನಡ ಶಾಲೆಗಳ ಸಮಸ್ಯೆ ಸರಕಾರದ ಗಮನಕ್ಕೆ ಬಂದಿದೆಯೇ?" ಎಂದು ಕೇಳಿದರೆ "ಬಂದಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂಬ ಉತ್ತರ ಸಿಗುತ್ತದೆ. ಅಲ್ಲಿಗೆ ಮುಗಿಯಿತು. ಆ ಉತ್ತರಕ್ಕೆ ಪೂರಕ ಪ್ರಶ್ನೆಯೇ ಹುಟ್ಟುವುದಿಲ್ಲ.

ಬಲ್ಲವರು ಹಾಗೆ ಕೇಳುವುದಿಲ್ಲ. ಅವರು ಮೊದಲು ಸರಕಾರಿ ಶಾಲೆ ಮತ್ತು ಅನುದಾನಿತ ಶಾಲೆಯನ್ನು ಬೇರೆ ಮಾಡುತ್ತಾರೆ. ಖಾಸಗಿಯವರು ನಡೆಸಿ ಸರಕಾರ ಸಂಬಳ ಕೊಡುವ ಅನುದಾನಿತ ಶಾಲೆಯಲ್ಲಿ ನೇಮಿಸುವವರು ಮ್ಯಾನೇಜರು, ಅಂದರೆ ಶಾಲೆಯ ಆಡಳಿತ ನಡೆಸುವವರು. ಅಲ್ಲಿ ಹುದ್ದೆ ಉಳಿಯುವುದು, ಹೋಗುವುದು ಜೂನ್ ತಿಂಗಳ ಆರನೇ ಕೆಲಸದ ದಿನದ ಮಕ್ಕಳ ತಲೆ ಎಣಿಕೆಯ ಮೇಲೆ. ಸರಕಾರಿ ಶಾಲೆಯಲ್ಲಿ ನೇಮಕದ ದಾರಿಯೇ ಬೇರೆ. ತೆರವಾದ ಹುದ್ದೆಯನ್ನು ಇಲಾಖೆ ಲೋಕಸೇವಾ ಆಯೋಗಕ್ಕೆ, ಅಂದರೆ ಪಿಎಸ್‌ಸಿಗೆ ವರದಿ ಮಾಡಬೇಕು. ಆಮೇಲೆ ಅಧಿಸೂಚನೆ, ಪರೀಕ್ಷೆ, ರ‍್ಯಾಂಕ್ ಪಟ್ಟಿ, ಆಯೋಗ ಅಭ್ಯರ್ಥಿಯನ್ನು ಶಿಫಾರಸು ಮಾಡುವ ಅಡ್ವೈಸ್ ಮೆಮೊ, ನೇಮಕಾತಿ ಆದೇಶ. ಎರಡನ್ನೂ ಒಂದೇ ಪ್ರಶ್ನೆಗೆ ತುಂಬಿದರೆ ಕಲಸಿಹೋದ ಒಂದು ಒಟ್ಟು ಅಂಕಿ ಬರುತ್ತದೆ, ಅದರಿಂದ ಯಾರನ್ನೂ ಹೊಣೆ ಮಾಡಲಾಗದು. ಹೈಸ್ಕೂಲಿನ ಕನ್ನಡ ಮಾಧ್ಯಮ ಗಣಿತದ ಹುದ್ದೆಗಳು ಎಷ್ಟು, ತೆರವು ಎಷ್ಟು, ಪ್ರತಿಯೊಂದೂ ತೆರವಾದ ದಿನ ಯಾವುದು, ಪಿಎಸ್‌ಸಿಗೆ ವರದಿಯಾದ ದಿನ ಯಾವುದು, ಅಭ್ಯರ್ಥಿಗೆ ಕನ್ನಡ ಬರುತ್ತದೆಂದು ಯಾವ ದಾಖಲೆಯ ಮೇಲೆ ಒಪ್ಪಲಾಯಿತು ಎಂದು ಬಿಡಿಬಿಡಿಯಾಗಿ ಕೇಳಬೇಕು. ತೆರವಾದ ದಿನಕ್ಕೂ ವರದಿಯಾದ ದಿನಕ್ಕೂ ನಡುವಿನ ತಿಂಗಳುಗಳು ಹೊರಬಿದ್ದರೆ ಮುಂದಿನ ಪೂರಕ ಪ್ರಶ್ನೆ ತಾನಾಗಿಯೇ ಸಿಗುತ್ತದೆ: ಆ ತಿಂಗಳುಗಳಲ್ಲಿ ಕಡತ ಯಾರ ಮೇಜಿನ ಮೇಲಿತ್ತು? ಇದಕ್ಕೆ ಗಂಟಲು ಬೇಡ. ಲೆಕ್ಕ ಬೇಕು.

ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ವಿಷಯದಲ್ಲಿ ನಾವು ಕಂಡ ದುಃಖ ಕಡಿಮೆಯೇ? 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದಿತು. 2022ರ ಮೇ ತಿಂಗಳಲ್ಲೂ ಅದೇ ಕೋರ್ಟು ವಿಳಂಬಕ್ಕಾಗಿ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ನಡುವಿನ ಐದು ವರ್ಷ ಬಜೆಟ್ ಬಂದೇ ಬಂದಿದೆ. ಬಜೆಟ್ಟಿನ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಪರಿಹಾರಕ್ಕೆ ಎಷ್ಟು ಇಟ್ಟಿದ್ದೀರಿ, ಎಷ್ಟು ಖರ್ಚಾಯಿತು, ಪಟ್ಟಿಯಲ್ಲಿರುವವರನ್ನು 5 ಲಕ್ಷದಿಂದ ಗುಣಿಸಿದರೆ ಆ ಮೊತ್ತ ಸಾಕೇ? ಈ ಗುಣಾಕಾರವನ್ನು ಇಲಾಖೆಗಳ ಅನುದಾನ ಬೇಡಿಕೆಗಳ ಚರ್ಚೆಯಲ್ಲಿ ವರ್ಷ ವರ್ಷವೂ ಬಿಡದೆ ಎತ್ತುವವರು ನಮಗೆ ಬೇಕು. ಮರುಕದ ಮಾತಿಗೆ ಸಚಿವರೂ ಮರುಕದಲ್ಲೇ ಉತ್ತರಿಸಿ ಕೂರುತ್ತಾರೆ.

ಮಸೂದೆ ಬಂದಾಗಲೂ ಹಾಗೆಯೇ. ಮಲಯಾಳ ಭಾಷೆಯ ಮಸೂದೆ ಎಂದರೆ ನಾವು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಆದರೆ ಭಾಷಾ ಅಲ್ಪಸಂಖ್ಯಾತರಿಗೆ ರಿಯಾಯಿತಿ ಕೊಡುವ ವಾಕ್ಯದಲ್ಲಿ ಇರುವುದು 'ಶಲ್' (ಕೊಡಲೇಬೇಕು) ಎಂದೋ 'ಮೇ' (ಕೊಡಬಹುದು) ಎಂದೋ ನೋಡಿದವರೆಷ್ಟು? 'ಮೇ' ಇದ್ದರೆ ಕೊಡುವುದು ಬಿಡುವುದು ಸರಕಾರದ ಮರ್ಜಿ. "ಸರಕಾರ ಅಧಿಸೂಚಿಸುವ ಪ್ರದೇಶಗಳಲ್ಲಿ" ಎಂದಿದ್ದರೆ ಅಧಿಸೂಚನೆ ಬರುವ ತನಕ ಆ ಹಕ್ಕು ಕಾಗದದ ಮೇಲೆಯೇ. ಅದನ್ನು ತಿದ್ದುವ ಜಾಗ ಮಸೂದೆಯನ್ನು ಪರಿಶೀಲಿಸುವ ಶಾಸಕರ ಸಬ್ಜೆಕ್ಟ್ ಕಮಿಟಿ, ಮತ್ತು ಸದನದಲ್ಲಿ ಕಲಮು ಕಲಮಾಗಿ ಚರ್ಚೆ ನಡೆಯುವ ಹೊತ್ತು. ಕಾಯಿದೆಯಾದ ಮೇಲೆ ಬರುವ ನಿಯಮಗಳನ್ನು ಕೇರಳದಲ್ಲಿ ಸಾಮಾನ್ಯವಾಗಿ 14 ದಿನ ಸದನದ ಮುಂದೆ ಇಡುತ್ತಾರೆ. ಅಲ್ಲೂ ತಿದ್ದುಪಡಿ ತರಬಹುದು. ಆ 14 ದಿನ ಸದ್ದಿಲ್ಲದೆ ಕಳೆದುಹೋಗುತ್ತದೆ. ಆಮೇಲೆ ನಾವು ಕಲೆಕ್ಟರೇಟಿನ ಎದುರು ಘೋಷಣೆ ಕೂಗುತ್ತೇವೆ.

"140 ಮಂದಿಯಲ್ಲಿ ಒಬ್ಬರು ಏನು ಮಾಡಿಯಾರು? ಹೀಗೆಯೇ ಮತ ಹಾಕಬೇಕೆಂಬ ಪಕ್ಷದ ವಿಪ್ ಇದೆಯಲ್ಲ?" ಎನ್ನುತ್ತೀರಿ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ವಿಪ್ ಕಟ್ಟಿಹಾಕುವುದು ಮತವನ್ನು. ಪ್ರಶ್ನೆ ಬರೆಯಬೇಡವೆಂದು ಯಾವ ವಿಪ್ ಹೇಳುತ್ತದೆ? ಫಿರೋಜ್ ಗಾಂಧಿ ಆಳುವ ಪಕ್ಷದ ಸಂಸದರು, ಪ್ರಧಾನಿ ನೆಹರೂ ಅವರ ಅಳಿಯ. ಎಲ್‌ಐಸಿಯು ಉದ್ಯಮಿ ಹರಿದಾಸ್ ಮುಂಧ್ರಾ ಅವರ ಆರು ಕಂಪೆನಿಗಳಲ್ಲಿ ಸುಮಾರು 1.24 ಕೋಟಿ ರೂಪಾಯಿ ಹಾಕಿದ್ದನ್ನು ಫಿರೋಜ್ 1957ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಎಳೆಎಳೆಯಾಗಿ ಬಿಡಿಸಿಟ್ಟರು. ಹೂಡಿಕೆ ಸಮಿತಿಯನ್ನು ಕೇಳದೆ ಕೊಂಡದ್ದು, ಪೇಟೆಗಿಂತ ಹೆಚ್ಚು ಬೆಲೆ ಕೊಟ್ಟದ್ದು ಬೆಳಕಿಗೆ ಬಂತು. ನ್ಯಾಯಮೂರ್ತಿ ಛಾಗ್ಲಾ ಆಯೋಗ ಕೂತಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅಂದು ಫಿರೋಜ್ ಗಾಂಧಿಯ ಕೈಯಲ್ಲಿದ್ದದ್ದು ಷೇರುಗಳ ಲೆಕ್ಕ.

ಒಪ್ಪುತ್ತೇನೆ, 2021ರಲ್ಲಿ ಮಂಜೇಶ್ವರದ ಶಾಸಕರು ತಿರುವನಂತಪುರದಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ನನ್ನ ಕಣ್ಣೂ ತುಂಬಿತ್ತು. ಆ ಸಂತೋಷ ಸುಳ್ಳಲ್ಲ. ಆದರೆ ಪ್ರಮಾಣವಚನ ಐದು ವರ್ಷಕ್ಕೊಮ್ಮೆ, ಪ್ರಶ್ನೋತ್ತರ ಅಧಿವೇಶನದ ಉದ್ದಕ್ಕೂ. ಮೊದಲನೆಯದಕ್ಕೆ ಹಾರ ಹಾಕಿದ ನಾವು ಎರಡನೆಯದನ್ನು ತೆರೆದು ನೋಡಿದ್ದೇವೆಯೇ? ಸದಸ್ಯರು ಕೇಳಿದ ಪ್ರಶ್ನೆಗಳೂ ಬಂದ ಉತ್ತರಗಳೂ ನಿಯಮಸಭೆಯ, ಅಂದರೆ ಕೇರಳ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ. ನಮ್ಮ ಜಿಲ್ಲೆಯ ಐವರ ಹೆಸರಿನಲ್ಲಿ ಏನೇನಿದೆ ಎಂದು ಹುಡುಕಿ ಓದಿ.

ಕನ್ನಡ ಶಾಲೆಗಳ ಅಧ್ಯಾಪಕರಿಗೆ, ರಕ್ಷಕ ಶಿಕ್ಷಕ ಸಂಘದವರಿಗೆ ಒಂದು ಕೋರಿಕೆ. ನಿಮ್ಮ ಶಾಲೆ ಸರಕಾರಿಯೋ ಅನುದಾನಿತವೋ, ಯಾವ ಹುದ್ದೆ ಯಾವ ದಿನದಿಂದ ಖಾಲಿ, ಈಗ ಆ ಪಾಠವನ್ನು ಯಾರು ಮಾಡುತ್ತಿದ್ದಾರೆ, ದಿನಗೂಲಿಯವರೋ ಬೇರೆ ವಿಷಯದವರೋ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನ ಅಧಿವೇಶನಕ್ಕೆ ವಾರಗಳ ಮೊದಲೇ ನಿಮ್ಮ ಶಾಸಕರ ಕೈಗೆ ಕೊಡಿ. ಕೊಟ್ಟ ದಿನಾಂಕ ಹಾಕಿ ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ.